ಹಳೆ ಗಾಲಿಮನೆಗೆ ಹೊಸ ಕಾಲು

ಶಿವಮೊಗ್ಗದಿಂದ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಅಮೆರಿಕದ ಒಹಾಯೊ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಮೂವರು ಗೆಳೆಯರ ಜೊತೆ ದುಡ್ಡು ಹಾಕಿ 1960ರ ದಶಕದ ಹಳೆಯ ‘ಟ್ರ್ಯಾವೆಲ್ ಟ್ರೈಲರ್’ ಒಂದನ್ನು ಕೊಂಡಿದ್ದಾನಂತೆ. ಬೇಸಿಗೆ ರಜೆಯಲ್ಲಿ ಅದನ್ನು ಗೆಳೆಯನ ಪಿಕಪ್ ವಾಹನದ ಹಿಂದೆ ಕಟ್ಟಿಕೊಂಡು ಎರಡೂವರೆ ಸಾವಿರ ಕಿಲೋಮೀಟರಿಗೂ ದೂರದ ಯೆಲ್ಲೊಸ್ಟೋನ್ ಉದ್ಯಾನ ನೋಡಿಬರುವ ಯೋಜನೆ. ಮಾರಿದವನು ‘ಟೈರಿನ ಬಟನ್ ಒಂಚೂರೂ ಸವೆದಿಲ್ಲ, ಹೊಸದರ ಹಾಗೇ ಇದೆ’ ಎಂದು ಹೇಳಿದ್ದಾನೆ. ‘ಮಗ ಅದೇ ಖುಷಿಯಲ್ಲಿದ್ದಾನೆ. ನನಗೇಕೋ ಅಳುಕು. ಏನು ಕೇಳಬೇಕು, ಏನು ನೋಡು ಎನ್ನಬೇಕು ತಿಳಿಯುತ್ತಿಲ್ಲ’ ಎಂದು ಅವರು ಬರೆಯುತ್ತಾರೆ.

ಅಳುಕು ಸಕಾರಣವೇ. ಮಾರಿದವನು ಸುಳ್ಳು ಹೇಳಿಲ್ಲದಿರಬಹುದು. ಆದರೆ ಅವನು ಹೇಳಿದ ಮಾತಿನಿಂದ ಟೈರಿನ ಆರೋಗ್ಯದ ಬಗ್ಗೆ ಏನೂ ತಿಳಿಯುವುದಿಲ್ಲ. ಕಾರಿನ ಟೈರು ಸಾಮಾನ್ಯವಾಗಿ ಸವೆದು ಸಾಯುತ್ತದೆ. ಟ್ರೈಲರಿನ ಟೈರು ವಯಸ್ಸಾಗಿ ಸಾಯುತ್ತದೆ. ಸಾಯುವ ದಿನದವರೆಗೂ ಅದರ ಬಟನ್ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಟ್ರ್ಯಾವೆಲ್ ಟ್ರೈಲರ್ ಎಂದರೆ ಎಂಜಿನ್ ಇಲ್ಲದ, ಗಾಲಿಗಳ ಮೇಲಿನ ಪುಟ್ಟ ಮನೆ. ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ತೊಟ್ಟಿ ಎಲ್ಲ ಇರುತ್ತವೆ. ಕಾರು ಎಳೆದ ಕಡೆಗೆ ಅದು ಹೋಗುತ್ತದೆ. ಅಮೆರಿಕದಲ್ಲಿ ಈ ಗೀಳಿಗೆ ನೂರು ವರ್ಷಗಳ ಇತಿಹಾಸವಿದೆ. ಬೆಳ್ಳಿಯ ಗುಳಿಗೆಯಂತೆ ಹೊಳೆಯುವ ಅಲ್ಯೂಮಿನಿಯಂ ಮೈಯ ‘ಏರ್‌ಸ್ಟ್ರೀಮ್’ ಗಾಡಿಗಳ ಚಿತ್ರವನ್ನು ನೀವು ನೋಡಿರಬಹುದು. ಅವುಗಳ ಜನಕ ವಾಲಿ ಬೈಯಮ್ 1959ರಲ್ಲಿ ಸುಮಾರು ನಲವತ್ತು ಟ್ರೈಲರುಗಳ ದಂಡು ಕಟ್ಟಿಕೊಂಡು ಆಫ್ರಿಕದ ದಕ್ಷಿಣ ತುದಿಯ ಕೇಪ್‌ಟೌನಿನಿಂದ ಹೊರಟು ಮರುವರ್ಷ ಕೈರೋ ತಲುಪಿದ. ಪಿರಮಿಡ್ಡುಗಳ ಮುಂದೆ ಸಾಲಾಗಿ ನಿಂತ ಆ ಬೆಳ್ಳಿ ಗಾಡಿಗಳ ಫೋಟೊ ಇಂದಿಗೂ ಪ್ರಸಿದ್ಧ. ಆ ಕಾಲದ ಟ್ರೈಲರುಗಳಿಗೆ ಈಗ ಬಲು ಬೇಡಿಕೆ. ಹಳೆಯದನ್ನು ಹುಡುಕಿ ತಂದು, ಬಣ್ಣ ಬಳಿದು, ಕಿಟಕಿಗೆ ಹೂವಿನ ಪರದೆ ಕಟ್ಟುತ್ತಾರೆ. ಪರದೆಗೆ ಕೊಡುವ ಗಮನವನ್ನು ಚಕ್ರಕ್ಕೆ ಕೊಡುವುದಿಲ್ಲ ಎಂಬುದೇ ತೊಂದರೆ.

ವಯಸ್ಸಿನ ವಿಷಯಕ್ಕೆ ಬರೋಣ. ರಬ್ಬರಿನ ಮುಖ್ಯ ಶತ್ರುಗಳು ಆಮ್ಲಜನಕ, ಓಜೋನ್, ಬಿಸಿಲಿನ ಅತಿನೇರಳೆ ಕಿರಣ ಮತ್ತು ಶಾಖ. ಮನೆಯ ಕಪಾಟಿನಲ್ಲಿ ಎರಡು ವರ್ಷ ಮರೆತುಬಿಟ್ಟ ರಬ್ಬರ್ ಬ್ಯಾಂಡನ್ನು ಎಳೆದು ನೋಡಿ, ಪಟ್ಟೆಂದು ತುಂಡಾಗುತ್ತದೆ. ಯಾರೂ ಅದನ್ನು ಬಳಸಿರಲಿಲ್ಲ, ಆದರೂ ಹಾಳಾಯಿತು. ಟೈರಿನಲ್ಲಿ ಇದನ್ನು ತಡೆಯಲೆಂದೇ ರಬ್ಬರಿಗೆ ಮೇಣ ಮತ್ತು ಓಜೋನ್ ನಿರೋಧಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳುವಾಗ ಅದರ ಪಕ್ಕೆಗಳು ಬಾಗಿ ಏಳುತ್ತವೆ. ಹಾಗೆ ಬಾಗಿದಾಗಲೆಲ್ಲ ಈ ರಕ್ಷಕ ದ್ರವ್ಯ ಒಳಗಿನಿಂದ ಮೇಲ್ಮೈಗೆ ಜಿನುಗಿ ತೆಳುವಾದ ಲೇಪನವಾಗುತ್ತದೆ. ದಿನವೂ ಓಡುವ ಕಾರಿನ ಟೈರಿಗೆ ಈ ಲೇಪನ ಮತ್ತೆ ಮತ್ತೆ ದೊರೆಯುತ್ತಿರುತ್ತದೆ. ವರ್ಷದಲ್ಲಿ ಹನ್ನೊಂದು ತಿಂಗಳು ಹಿತ್ತಲಲ್ಲಿ ನಿಂತೇ ಇರುವ ಟ್ರೈಲರಿಗೆ ದೊರೆಯುವುದಿಲ್ಲ. ಸಾಲದ್ದಕ್ಕೆ ಸೂರ್ಯ ಒಂದೇ ಪಕ್ಕೆಯನ್ನು ಸುಡುತ್ತಾನೆ, ಭಾರವೆಲ್ಲ ಒಂದೇ ಜಾಗದ ಮೇಲೆ ಬೀಳುತ್ತದೆ. ಒಳಗಿನ ಉಕ್ಕಿನ ಪಟ್ಟಿಗೂ ರಬ್ಬರಿಗೂ ಇರುವ ಬೆಸುಗೆ ಮೆಲ್ಲಗೆ ಬಿಡುತ್ತ ಬರುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ.

ಅಮೆರಿಕದವರು ಟೈರಿನ ಕಾಲುವೆಯೊಳಗೆ ಒಂದು ಸೆಂಟ್ ನಾಣ್ಯವನ್ನು ತಲೆಕೆಳಗಾಗಿ ಇಟ್ಟು, ಲಿಂಕನ್ನನ ನೆತ್ತಿ ಪೂರ್ತಿ ಕಂಡರೆ ಟೈರು ಸವೆದಿದೆ ಎನ್ನುತ್ತಾರೆ. ಸುಮಾರು 1.6 ಮಿಲಿಮೀಟರ್ ಆಳದ ಪರೀಕ್ಷೆ ಅದು. ಕಾರಿಗೆ ಒಳ್ಳೆಯದೇ. ಹಳೆಯ ಟ್ರೈಲರಿಗೆ ಮಾತ್ರ ಲಿಂಕನ್ ಮಹಾಶಯನಿಂದ ಪ್ರಯೋಜನವಿಲ್ಲ. ಅಲ್ಲಿ ನೋಡಬೇಕಾದದ್ದು ಜನ್ಮದಿನಾಂಕ.

ಟೈರಿನ ಪಕ್ಕೆಯ ಮೇಲೆ ‘ಡಿಓಟಿ’ ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು. ‘2319’ ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ, ಅಂದರೆ ಜೂನ್ ತಿಂಗಳಲ್ಲಿ ತಯಾರಾದದ್ದು. ಕೊನೆಯಲ್ಲಿ ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಮುಂದೆ ಯೋಚಿಸುವ ಅಗತ್ಯವೇ ಇಲ್ಲ. ಪೂರ್ತಿ ಸಾಲು ಒಂದೇ ಪಕ್ಕೆಯ ಮೇಲೆ, ಅದೂ ಗಾಡಿಯ ಒಳಬದಿಗೆ ಇರಬಹುದು. ಮೊಬೈಲ್ ಫೋನನ್ನು ಚಕ್ರದ ಹಿಂದೆ ತೂರಿಸಿ ಚಿತ್ರ ತೆಗೆದರಾಯಿತು. ಮಕ್ಕಳು ಬೇಕಿದ್ದರೆ ಈ ಭಾನುವಾರ ಮನೆಯ ಸ್ಕೂಟರಿನದನ್ನೂ ಕಾರಿನದನ್ನೂ ಓದಿ ನೋಡಬಹುದು, ಅಲ್ಲಿಯೂ ಇದೇ ಲೆಕ್ಕ.

ಎಷ್ಟು ವರ್ಷ ಸರಿ? ಅನೇಕ ಕಾರು ತಯಾರಕರು ಆರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಟೈರು ಕಂಪನಿಗಳು ಹತ್ತು ವರ್ಷವನ್ನು ಕೊನೆಯ ಗಡಿ ಎನ್ನುತ್ತವೆ. ನಿಂತು ನಿಂತೇ ಮುದಿಯಾಗುವ ಟ್ರೈಲರಿಗೆ ಐದು–ಆರು ವರ್ಷ ಸಾಕು ಎಂಬುದು ನನ್ನ ಮತ. ಚಿತ್ರನಟ ಪಾಲ್ ವಾಕರ್ 2013ರಲ್ಲಿ ತೀರಿಕೊಂಡ ಅಪಘಾತ ವಿದ್ಯಾರ್ಥಿಗಳಿಗೆ ಗೊತ್ತಿರಬಹುದು. ಅತಿವೇಗವೇ ಅದಕ್ಕೆ ಮುಖ್ಯ ಕಾರಣ. ಆದರೆ ಆ ದುಬಾರಿ ಪೋರ್ಷೆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು ಎಂಬುದನ್ನೂ ತನಿಖೆಗಾರರು ಗುರುತಿಸಿದ್ದರು.

ಸರಿ, ಟೈರು ಬದಲಿಸುವುದೆಂದು ಆಯಿತು. ಯಾವುದನ್ನು ಕೊಳ್ಳಬೇಕು? ಇಲ್ಲಿ ಅಂಗಡಿಯವನನ್ನು ಕೇಳುವ ಮೊದಲು ತೂಕದ ಯಂತ್ರವನ್ನು ಕೇಳಬೇಕು. ಅಮೆರಿಕದ ಹೆದ್ದಾರಿಗಳ ಬದಿಯ ಲಾರಿ ತಂಗುದಾಣಗಳಲ್ಲಿ ನಮ್ಮ ವೇಬ್ರಿಜ್‌ಗಳಂಥವೇ ತೂಕದ ಕಟ್ಟೆಗಳಿವೆ. ನೀರು, ಗ್ಯಾಸ್, ಹಾಸಿಗೆ, ಅಕ್ಕಿ, ಉಪ್ಪಿನಕಾಯಿ ಎಲ್ಲ ತುಂಬಿಕೊಂಡು, ಪ್ರಯಾಣಕ್ಕೆ ಹೊರಟ ಸ್ಥಿತಿಯಲ್ಲಿಯೇ ತೂಗಬೇಕು. ಖಾಲಿ ಗಾಡಿಯ ತೂಕ ಕಾಗದದ ಮೇಲೆ ಚೆಂದ, ಅಷ್ಟೆ.

ಒಂದು ಲೆಕ್ಕ ಮಾಡೋಣ. ಒಂದೇ ಅಚ್ಚಿನ, ಎರಡು ಚಕ್ರದ ಟ್ರೈಲರ್. ಎಲ್ಲ ಸೇರಿ 1,360 ಕೆ.ಜಿ. ಎನ್ನಿ. ಇದರಲ್ಲಿ ಶೇಕಡ ಹತ್ತರಿಂದ ಹದಿನೈದರಷ್ಟು ಭಾರ ಮುಂದಿನ ಕೊಂಡಿಯ ಮೂಲಕ ಎಳೆಯುವ ವಾಹನದ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೈಲರ್ ಮೀನಿನ ಬಾಲದಂತೆ ಓಲಾಡುತ್ತದೆ. ಶೇ. 12 ಎಂದರೆ ಸುಮಾರು 160 ಕೆ.ಜಿ. ಉಳಿದ 1,200 ಎರಡು ಚಕ್ರಕ್ಕೆ, ಅಂದರೆ ಚಕ್ರಕ್ಕೆ 600. ಆದರೆ ಮನೆ ಎಂದ ಮೇಲೆ ಅಡುಗೆಮನೆ ಒಂದು ಪಕ್ಕದಲ್ಲಿರುತ್ತದೆ, ಒಲೆ, ಫ್ರಿಜ್ ಎಲ್ಲ ಅಲ್ಲೇ. ಹಾಗಾಗಿ ಒಂದು ಚಕ್ರಕ್ಕೆ 650, ಇನ್ನೊಂದಕ್ಕೆ 550 ಬಂದರೆ ಆಶ್ಚರ್ಯವಿಲ್ಲ. ಟೈರು ಆರಿಸಬೇಕಾದದ್ದು ಸರಾಸರಿಗಲ್ಲ, 650ಕ್ಕೆ.

ಈಗ ಟೈರಿನ ಹೆಸರನ್ನು ಓದೋಣ. ‘ಎಸ್‌ಟಿ 205/75 ಆರ್ 15’ ಎಂದು ಬರೆದಿದೆ. ಎಸ್‌ಟಿ ಎಂದರೆ ಟ್ರೈಲರಿಗೆಂದೇ ಮಾಡಿದ್ದು. 205 ಎಂಬುದು ಮಿಲಿಮೀಟರಿನಲ್ಲಿ ಅಗಲ. 75 ಎಂದರೆ ಪಕ್ಕೆಯ ಎತ್ತರ ಅಗಲದ ಶೇ. 75, ಸುಮಾರು 154 ಮಿ.ಮೀ. ‘ಆರ್’ ಎಂದರೆ ರೇಡಿಯಲ್. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರಚನೆ. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಹೆಸರಿನಲ್ಲಿ ಮಿಲಿಮೀಟರು, ಶೇಕಡ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮರು ಯಾರೋ! ಗಣಿತದ ಮೇಷ್ಟ್ರು ನೋಡಿದರೆ ಸೊನ್ನೆ ಹಾಕುತ್ತಿದ್ದರು.

ಹೆಸರಿನ ಜೊತೆಗೆ ‘ಲೋಡ್ ರೇಂಜ್’ ಎಂದು ಬಿ, ಸಿ, ಡಿ ಹೀಗೊಂದು ಅಕ್ಷರವಿರುತ್ತದೆ. ಈ 15 ಇಂಚಿನ ಟೈರು ‘ಸಿ’ ದರ್ಜೆಯದಾದರೆ 50 ಪಿಎಸ್‌ಐ ಗಾಳಿಯಲ್ಲಿ 825 ಕೆ.ಜಿ. ಹೊರುತ್ತದೆ. ನಮ್ಮ 650ಕ್ಕೆ ಶೇ. 20ರಷ್ಟು ಉಸಿರಾಡಲು ಜಾಗ ಉಳಿಯಿತು. ಇಷ್ಟು ಇರಬೇಕು. ಅನೇಕ ಸಣ್ಣ ಟ್ರೈಲರುಗಳಲ್ಲಿ ಕಾಣುವ 13 ಇಂಚಿನ ‘ಎಸ್‌ಟಿ 175/80 ಆರ್ 13’ರ ಅದೇ ಸಿ ದರ್ಜೆಯದು ಹೊರುವುದು 617 ಕೆ.ಜಿ. ಮಾತ್ರ. ಸರಾಸರಿ 600 ಹಾಕಿ ಲೆಕ್ಕ ಮಾಡಿದವನು ‘ಸಾಕು’ ಎನ್ನುತ್ತಾನೆ, ಅಡುಗೆಮನೆಯ ಪಕ್ಕದ ಚಕ್ರ ‘ಸಾಲದು’ ಎನ್ನುತ್ತದೆ.

ಕಾರಿನ ಟೈರನ್ನೇ ಹಾಕಿದರೆ? ವಿದ್ಯಾರ್ಥಿಗಳ ಜೇಬಿಗೆ ಈ ಉಪಾಯ ತಕ್ಷಣ ಹೊಳೆಯುತ್ತದೆ. ಅದೇ ಅಳತೆಯ ಕಾರಿನ ಟೈರಿನ ಗರಿಷ್ಠ ಹೊರೆ ಸುಮಾರು 725 ಕೆ.ಜಿ. ಆದರೆ ಕಾರಿನ ಟೈರನ್ನು ಟ್ರೈಲರಿಗೆ ಹಾಕುವಾಗ ಆ ಸಂಖ್ಯೆಯನ್ನು 1.1ರಿಂದ ಭಾಗಿಸಬೇಕೆಂಬ ನಿಯಮವಿದೆ. ಭಾಗಿಸಿದರೆ 659. ನಮಗೆ ಬೇಕಾದದ್ದು 650. ಇಷ್ಟು ಬಿಗಿಯಾದ ಲೆಕ್ಕವನ್ನು ಮನೆಯ ಖರ್ಚಿನಲ್ಲಿ ಮಾಡಬಹುದು, ಹೆದ್ದಾರಿಯಲ್ಲಿ ಬೇಡ.

ಟೈರಿಗಿಂತ ಮೊದಲು ನೋಡಬೇಕಾದದ್ದು ಅದು ಕೂರುವ ಉಕ್ಕಿನ ಚಕ್ರ. ಹಳೆಯ ಟ್ರೈಲರುಗಳಲ್ಲಿ ನಿಜವಾದ ಅಪಾಯ ಅಡಗಿರುವುದು ಇಲ್ಲೇ. ಕೆಲವು ಹಳೆಯ ಗಾಡಿಗಳಲ್ಲಿ ಎರಡು ಮೂರು ತುಂಡುಗಳ ‘ಸ್ಪ್ಲಿಟ್ ರಿಮ್’ ಇರುತ್ತದೆ. ನಮ್ಮ ಲಾರಿಗಳ ಪಂಚರ್ ಅಂಗಡಿಯಲ್ಲಿ ಲಾಕ್ ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದನ್ನು ನೋಡಿದವರಿಗೆ ಇದರ ಸ್ವರೂಪ ಹೇಳಬೇಕಿಲ್ಲ. ತುಕ್ಕು ಹಿಡಿದ ರಿಂಗು ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಸಿಡಿದು ಮುಂದೆ ನಿಂತವನ ತಲೆಯನ್ನೇ ಒಡೆಯಬಲ್ಲದು. ಹಾಗಾಗಿಯೇ ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆ ಇಂಥ ಚಕ್ರಗಳಿಗೆ ಕಬ್ಬಿಣದ ಪಂಜರದೊಳಗೇ ಗಾಳಿ ತುಂಬಬೇಕೆಂದು 1980ರಲ್ಲಿ ನಿಯಮ ಮಾಡಿತು. ಅಲ್ಲಿನ ಅನೇಕ ಟೈರು ಅಂಗಡಿಗಳು ಇದನ್ನು ಮುಟ್ಟುವುದೇ ಇಲ್ಲ. ಅಂಗಡಿಯವನೇ ಮುಟ್ಟದ ಚಕ್ರವನ್ನು ಇಟ್ಟುಕೊಂಡು ನಡುದಾರಿಯಲ್ಲಿ ಪಂಚರ್ ಆದರೆ ಯಾರನ್ನು ಕರೆಯುತ್ತೀರಿ? ಇದನ್ನು ಬಿಚ್ಚಿಸಿ ಒಂದೇ ತುಂಡಿನ ಚಕ್ರ ಹಾಕಿಸುವುದೇ ಸರಿ. ಮನೆಯಂಗಳದಲ್ಲಿ ಹುಡುಗರು ತಾವೇ ಬಿಚ್ಚಲು ಹೋಗಬಾರದು, ಪತ್ರ ಬರೆದ ತಂದೆಯವರು ಈ ಒಂದು ಮಾತನ್ನಂತೂ ಮಗನಿಗೆ ಒತ್ತಿ ಹೇಳಲಿ.

ಇನ್ನೊಂದು ಬಲೆ 14.5 ಇಂಚಿನ ಚಕ್ರದ್ದು. ಅರ್ಧ ಇಂಚಿನ ಬಾಲವಿರುವ ಈ ಅಳತೆ ಅಮೆರಿಕದ ‘ಮೊಬೈಲ್ ಹೋಮ್’ಗಳದ್ದು. ಕಾರ್ಖಾನೆಯಿಂದ ನಿವೇಶನಕ್ಕೆ ಒಮ್ಮೆ ಎಳೆದೊಯ್ದು ಇಳಿಸಿಬಿಡುವ ಮನೆಗಳು ಅವು. ಅವಕ್ಕಾಗಿ ಮಾಡಿದ ಟೈರಿನ ಮೇಲೆ ‘ಮೊಬೈಲ್ ಹೋಮಿಗೆ ಮಾತ್ರ’ ಎಂದು ಅಚ್ಚೊತ್ತಿರುತ್ತದೆ. ಹಳೆಯ ಟ್ರೈಲರುಗಳ ಅಡಿಯಲ್ಲೂ ಇವು ಸಿಕ್ಕಿಕೊಂಡಿರುವುದುಂಟು. ಪ್ರವಾಸಕ್ಕೆ ಇವು ಆಗದು.

ಹೊಸ ಚಕ್ರ ಕೊಳ್ಳಲು ಬೋಲ್ಟುಗಳ ವೃತ್ತದ ವ್ಯಾಸ ಗೊತ್ತಿರಬೇಕು. ಆರು ಬೋಲ್ಟುಗಳಿದ್ದರೆ ಸುಲಭ, ಎದುರುಬದುರಾದ ಎರಡರ ನಡುವಿನ ಅಂತರ ಅಳೆದರಾಯಿತು. ಐದಿದ್ದರೆ ಯಾವುದಕ್ಕೂ ಎದುರುಬದುರು ಜೊತೆಗಾರನಿಲ್ಲ. ಆಗ ಹತ್ತನೇ ತರಗತಿಯ ತ್ರಿಕೋನಮಿತಿ ಉಪಯೋಗಕ್ಕೆ ಬರುತ್ತದೆ. ಪಕ್ಕಪಕ್ಕದ ಎರಡು ಬೋಲ್ಟುಗಳ ಕೇಂದ್ರಗಳ ಅಂತರವನ್ನು 36 ಡಿಗ್ರಿಯ ಸೈನ್‌ನಿಂದ ಭಾಗಿಸಿ, ಅಂದರೆ 1.7ರಿಂದ ಗುಣಿಸಿ. 67.2 ಮಿ.ಮೀ. ಬಂದರೆ ವ್ಯಾಸ 114.3 ಮಿ.ಮೀ., ಅಂದರೆ ಅಲ್ಲಿ ಬಹಳ ಸಾಮಾನ್ಯವಾದ ನಾಲ್ಕೂವರೆ ಇಂಚಿನ ವೃತ್ತ. ‘ಇದನ್ನೆಲ್ಲ ಓದಿ ಏನು ಪ್ರಯೋಜನ’ ಎನ್ನುವ ಮಕ್ಕಳಿಗೆ ತಂದೆತಾಯಿ ಇದನ್ನು ತೋರಿಸಬಹುದು.

ಹಳೆಯ ಚಕ್ರ ಒಂದೇ ತುಂಡಿನದಾಗಿದ್ದು ನೋಡಲು ಗಟ್ಟಿಯಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಿಂದಿನ ಕಾಲದ ಮೆದು ಟೈರಿಗೆ, ಕಡಿಮೆ ಗಾಳಿಗೆ ಮಾಡಿದ ಉಕ್ಕು ಅದು. ಇಂದಿನ ಟೈರಿನ 50 ಅಥವಾ 65 ಪಿಎಸ್‌ಐ ಒತ್ತಡವನ್ನು ಅದು ತಾಳುತ್ತದೆಯೆ? ಈಗಿನ ಚಕ್ರಗಳ ಮೇಲೆ ಅದು ಹೊರಬಲ್ಲ ಭಾರವನ್ನು ಅಚ್ಚೊತ್ತಿರುತ್ತಾರೆ. ಅರುವತ್ತು ವರ್ಷದ ಚಕ್ರದ ಮೇಲೆ ಹೆಚ್ಚಾಗಿ ತುಕ್ಕು ಮಾತ್ರ ಇರುತ್ತದೆ. ಬೋಲ್ಟಿನ ತೂತುಗಳು ಉದ್ದವಾಗಿ ಎಳೆದುಕೊಂಡಿದ್ದರೆ, ಅವುಗಳ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೆ ಗುಜರಿಗೆ ಹಾಕುವುದೇ. ಹೊಸ ಉಕ್ಕಿನ ಚಕ್ರಕ್ಕೆ ಬಿಳಿ ಬಣ್ಣ ಹೊಡೆದು ಹಳೆಯ ಹೊಳೆಯುವ ಟೋಪಿ ಹಾಕಿದರೆ ದೂರದಿಂದ ಯಾರಿಗೂ ವ್ಯತ್ಯಾಸ ತಿಳಿಯದು. ಗಾಳಿ ತುಂಬುವ ರಬ್ಬರ್ ವಾಲ್ವಿಗೂ ಮಿತಿಯಿದೆ. ಸಾಮಾನ್ಯವಾದದ್ದು 65 ಪಿಎಸ್‌ಐವರೆಗೆ ಮಾತ್ರ, ಅದಕ್ಕೂ ಮೇಲಾದರೆ ಲೋಹದ್ದು ಬೇಕು.

ಇಷ್ಟೆಲ್ಲ ಮಾಡಿ ಗಾಳಿಯಲ್ಲಿ ಉದಾಸೀನ ಮಾಡಿದರೆ ಎಲ್ಲ ವ್ಯರ್ಥ. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. 650 ಕೆ.ಜಿ. ಎಂದರೆ ಸುಮಾರು 1,433 ಪೌಂಡು. ಚದರ ಇಂಚಿಗೆ 50 ಪೌಂಡಿನಂತೆ ಗಾಳಿ ಒತ್ತುತ್ತಿದ್ದರೆ ನೆಲ ಮುಟ್ಟುವ ಜಾಗ ಸುಮಾರು 29 ಚದರ ಇಂಚು, ನಮ್ಮ ಅಂಚೆ ಕಾರ್ಡಿನ ಒಂದೂವರೆ ಪಟ್ಟು. ಗಾಳಿ 35ಕ್ಕೆ ಇಳಿದರೆ ಅದೇ ಭಾರಕ್ಕೆ ಹೆಚ್ಚು ಜಾಗ ಬೇಕಾಗುತ್ತದೆ, ಟೈರು ಚಪ್ಪಟೆಯಾಗುತ್ತದೆ. ನಮ್ಮ ಟೈರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹದಿಮೂರು ಸಲ ಸುತ್ತುತ್ತದೆ. ಅಷ್ಟು ಸಲವೂ ಪಕ್ಕೆ ಹೆಚ್ಚು ಬಾಗಿ ಏಳುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಬಿಸಿಯಾಗುವಂತೆ ರಬ್ಬರ್ ಒಳಗಿನಿಂದ ಕಾಯುತ್ತದೆ, ಪದರಗಳು ಬಿಡುತ್ತವೆ.

ಗಾಳಿ ಕಡಿಮೆ, ಭಾರ ಹೆಚ್ಚು, ಬಿಸಿಲು, ವೇಗ ಈ ನಾಲ್ಕೂ ಸೇರಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ 2000ನೇ ಇಸವಿಯಲ್ಲಿ ನೋಡಿತು. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಳಚಿ, ವಾಹನ ಮಗುಚಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ವಾಪಸು ಪಡೆಯಲಾಯಿತು. ತಯಾರಿಕೆಯ ದೋಷವೋ, ಫೋರ್ಡ್ ಸೂಚಿಸಿದ್ದ 26 ಪಿಎಸ್‌ಐ ಎಂಬ ಕಡಿಮೆ ಗಾಳಿಯೋ ಎಂದು ಎರಡೂ ಕಂಪನಿಗಳು ಪರಸ್ಪರ ಬೆರಳು ತೋರಿಸಿದವು. ಅದೇ ವರ್ಷ ಬಂದ ಕಾನೂನಿನ ಫಲವಾಗಿಯೇ ಇಂದು ಅಲ್ಲಿನ ಹೊಸ ಕಾರುಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ದೀಪ ಕಡ್ಡಾಯ. ಹಳೆಯ ಟ್ರೈಲರಿಗೆ ಆ ದೀಪವಿಲ್ಲ. ಮುಂದೆ ಕುಳಿತ ಚಾಲಕನಿಗೆ ಹಿಂದಿನ ಟೈರು ಮೆತ್ತಗಾದದ್ದು ಗೊತ್ತೇ ಆಗುವುದಿಲ್ಲ. ಸಿಡಿದ ಟೈರಿನ ಚೂರು ಚಾಟಿಯಂತೆ ಬೀಸಿ ನೆಲಹಲಗೆಯನ್ನೂ ಅಡಿಯಲ್ಲಿ ಹಾದುಹೋದ ಗ್ಯಾಸ್ ಕೊಳವೆಯನ್ನೂ ಹರಿಯಬಲ್ಲದು. ವಾಲ್ವಿಗೆ ತಿರುಗಿಸಿ ಕೂರಿಸುವ ಸಂವೇದಕಗಳು ಬೇರೆಯಾಗಿ ಸಿಗುತ್ತವೆ. ಪರದೆಗೆ ಮೊದಲು ಅದನ್ನು ಕೊಳ್ಳುವುದು ಜಾಣತನ.

ಗಾಳಿಯನ್ನು ಬೆಳಿಗ್ಗೆ, ಹೊರಡುವ ಮುನ್ನ, ಟೈರು ತಣ್ಣಗಿರುವಾಗ ನೋಡಬೇಕು. 27 ಡಿಗ್ರಿಯಲ್ಲಿ 50 ಪಿಎಸ್‌ಐ ಇದ್ದದ್ದು ಓಡಿ ಓಡಿ 57 ಡಿಗ್ರಿಗೆ ಕಾದರೆ ಸುಮಾರು 56 ತೋರಿಸುತ್ತದೆ. ಪಿಯುಸಿ ಭೌತಶಾಸ್ತ್ರದವರು ಕೆಲ್ವಿನ್ನಿಗೆ ಬದಲಿಸಿ, ವಾತಾವರಣದ 14.7 ಕೂಡಿಸಿ ಪರೀಕ್ಷಿಸಬಹುದು. ಹೆಚ್ಚಾಯಿತೆಂದು ಗಾಬರಿಯಾಗಿ ಗಾಳಿ ಬಿಡಕೂಡದು. ವೇಗದ ವಿಷಯದಲ್ಲಿ, ಬೇರೆ ಸಂಖ್ಯೆ ಅಚ್ಚಾಗಿಲ್ಲದ ಎಸ್‌ಟಿ ಟೈರಿಗೆ ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ಮಿತಿ.

ನಟ್ಟುಗಳನ್ನು ಟಾರ್ಕ್ ರೆಂಚಿನಿಂದ, ನಕ್ಷತ್ರದ ಆಕಾರದಲ್ಲಿ ಒಂದು ಬಿಟ್ಟು ಒಂದರಂತೆ ಬಿಗಿಯಬೇಕು. ಹೊಸ ಚಕ್ರ ಹಾಕಿದ ಮೇಲೆ 10, 25, 50 ಮೈಲಿಗಳಲ್ಲಿ ನಿಲ್ಲಿಸಿ ಮತ್ತೆ ನೋಡಬೇಕು. ಹೊಸ ಬಣ್ಣದ ಪದರ ಅದುಮಿಕೊಂಡಂತೆ ನಟ್ಟು ಸಡಿಲವಾಗುತ್ತದೆ.

ಎಲ್ಲರೂ ಮರೆಯುವುದು ಸ್ಟೆಪ್ನಿಯನ್ನು. ಹಿಂಬದಿಯ ಬಂಪರಿನ ಮೇಲೆ ಬಿಸಿಲು ಕಾಯುತ್ತ ಕುಳಿತ ಅದೇ ಎಷ್ಟೋ ಸಲ ಇಡೀ ಗಾಡಿಯಲ್ಲಿ ಅತ್ಯಂತ ಮುದಿಯಾದದ್ದು. ಅದರ ನಾಲ್ಕಂಕಿಯನ್ನೂ ಓದಬೇಕು. ಅಚ್ಚಿನ ಎರಡು ಚಕ್ರ ಬದಲಾಯಿಸಿ ಇದನ್ನು ಹಾಗೇ ಬಿಟ್ಟರೆ ಅಳತೆಯೂ ಹೊಂದದು. ಹೊರಡುವ ವಾರ ಮೊದಲು ಮನೆಯ ಮುಂದೆಯೇ ಜಾಕ್ ಹಚ್ಚಿ, ಒಂದು ಚಕ್ರ ಬಿಚ್ಚಿ, ಸ್ಟೆಪ್ನಿ ಹಾಕಿ ನೋಡಲಿ. ಎಳೆಯುವ ವಾಹನದ ಸ್ಪ್ಯಾನರು ಟ್ರೈಲರಿನ ನಟ್ಟಿಗೆ ಹಿಡಿಯುವುದಿಲ್ಲ ಎಂಬುದು ಅನೇಕರಿಗೆ ಹೆದ್ದಾರಿಯ ಅಂಚಿನಲ್ಲಿ, ಕತ್ತಲಲ್ಲಿ ತಿಳಿಯುತ್ತದೆ.